ಜಿ ಸ್ವರ ಎಲ್ಲಿ ಹೋಯ್ತು?

ಸಿಂಥ್‌ನಲ್ಲಿ (ಸಿಂಥಸೈಜರ್, ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯ) ಒಂದು ಕಾರ್ಡ್ ಹಿಡಿದರೆ, ಅಂದರೆ ಹಲವು ಸ್ವರ ಒಟ್ಟಿಗೆ ಒತ್ತಿದರೆ, ಅದರ ಸ್ವರಗಳನ್ನು ಒಂದೊಂದಾಗಿ ತಾನೇ ನುಡಿಸಿಕೊಂಡು ಹೋಗುತ್ತದಲ್ಲ, ಅದೇ ಆರ್ಪೆಜಿಯೇಟರ್. ಹೊಸದೇನಲ್ಲ. ರೋಲಾಂಡ್‌ನ ಜುಪಿಟರ್-4ರಲ್ಲಿ 1978ರಲ್ಲೇ ಇತ್ತು. ಮೊದಮೊದಲು ನಾನೂ ಸುಮ್ನೆ ಅಪ್ (ಕೆಳಗಿನ ಸ್ವರದಿಂದ ಮೇಲಕ್ಕೆ), ಡೌನ್ (ಮೇಲಿಂದ ಕೆಳಕ್ಕೆ) ಅಂತ ಮೋಡ್ ಬದಲಾಯಿಸಿಕೊಂಡೇ ಖುಷಿಪಡುತ್ತಿದ್ದೆ. ಎರಡು ನಿಮಿಷ ಚೆನ್ನಾಗಿರುತ್ತದೆ. ಆಮೇಲೆ ಹೊಲಿಗೆ ಮಿಷನ್ ಸದ್ದು.

ಅದಕ್ಕೇ ಸ್ಟೆಪ್ ಪ್ಯಾಟರ್ನ್, ಅಂದರೆ ಯಾವ ಹೆಜ್ಜೆಯಲ್ಲಿ ನುಡಿಯಬೇಕು, ಯಾವುದರಲ್ಲಿ ಸುಮ್ಮನಿರಬೇಕು ಅನ್ನೋ ಪಟ್ಟಿ, ಬರೆಯಲು ಕೂತೆ. ಒಂದು ಬಾರ್‌ಗೆ (ನಾಲ್ಕು ಬೀಟ್‌ನ ಒಂದು ತುಂಡು) 16 ಸ್ಟೆಪ್, ಟೆಂಪೊ ನಿಮಿಷಕ್ಕೆ 120 ಬೀಟ್. ಅಂದರೆ ಒಂದು ಸ್ಟೆಪ್‌ಗೆ 125 ಮಿಲಿಸೆಕೆಂಡ್. ಎ, ಸಿ, ಇ, ಜಿ ಹಿಡಿದು ಲ್ಯಾಚ್ ಒತ್ತಿದೆ. ಕೈ ತೆಗೆದರೂ ಓಡುತ್ತಿರುತ್ತದೆ, ಎಡಿಟ್ ಮಾಡಲು ಎರಡೂ ಕೈ ಖಾಲಿ. ಸ್ವಲ್ಪ ಉಸಿರಾಡಲು ಜಾಗ ಇರಲಿ ಅಂತ 4, 8, 12, 16ನೇ ಸ್ಟೆಪ್‌ಗಳಿಗೆ ರೆಸ್ಟ್ (ಮೌನ) ಹಾಕಿದೆ.

ಜಿ ಮಾಯ!

ಕೀ ಕೆಟ್ಟಿತೇನೋ ಅಂದುಕೊಂಡೆ. ಆರ್ಪೆಜಿಯೇಟರ್ ಆಫ್ ಮಾಡಿ ಒತ್ತಿದರೆ ಜಿ ಸರಿಯಾಗೇ ನುಡಿಯುತ್ತದೆ. ಆನ್ ಮಾಡಿದರೆ ಇಲ್ಲ. ಕೊನೆಗೆ ಹಾಳೆಯ ಮೇಲೆ 1ರಿಂದ 16ರವರೆಗೆ ಬರೆದು, ಒಂದೊಂದರ ಕೆಳಗೆ ಸ್ವರ ಬರೆಯುತ್ತಾ ಹೋದೆ. ಆಗ ಹೊಳೆಯಿತು. ನನ್ನ ಸಿಂಥ್ ರೆಸ್ಟ್ ಬಂದಾಗಲೂ ಒಂದು ಸ್ವರ ಮುಂದೆ ಹೋಗುತ್ತಿತ್ತು. ನಾಲ್ಕು ಸ್ವರ, ಪ್ರತಿ ನಾಲ್ಕನೇ ಸ್ಟೆಪ್ ಮೌನ. ಜಿ ಸರದಿ ಬಂದಾಗಲೆಲ್ಲ ಅದರ ಬಾಯಿ ಮುಚ್ಚಿಸುತ್ತಿದ್ದವನು ನಾನೇ.

ಮೆನುವಿನಲ್ಲಿ ಹುಡುಕಿದಾಗ ರೆಸ್ಟ್‌ನಲ್ಲಿ ಸ್ವರ ಕಾಯುವಂತೆ ಮಾಡುವ ಆಯ್ಕೆ ಸಿಕ್ಕಿತು. ಎಲ್ಲ ಸಿಂಥ್‌ಗಳಲ್ಲೂ ಇದು ಇರುವುದಿಲ್ಲ. ಇಲ್ಲದಿದ್ದರೆ ರೆಸ್ಟ್‌ಗಳನ್ನು ಅಲ್ಲೊಂದು ಇಲ್ಲೊಂದು ಚದುರಿಸಬೇಕು, ಅಥವಾ ಐದನೇ ಸ್ವರ ಸೇರಿಸಬೇಕು.

ಜಿ ವಾಪಸ್ ಬಂತು, ಆದರೆ ಬೇಜಾರು ಹೋಗಲಿಲ್ಲ. ನುಡಿಯುವ ಸ್ಟೆಪ್ 12, ಸ್ವರ 4. ಸರಿಯಾಗಿ ಭಾಗವಾಗುತ್ತದೆ, ಹಾಗಾಗಿ ಪ್ರತಿ ಬಾರ್ ಒಂದೇ ಥರ. 11ನೇ ಸ್ಟೆಪ್ಪನ್ನೂ ರೆಸ್ಟ್ ಹಾಕಿ ತೆಗೆದೆ. ಈಗ ನುಡಿಯಲು ಉಳಿದದ್ದು 11 ಹೊಡೆತ. ಮೊದಲ ಬಾರ್ ಎ ಇಂದ ಶುರು, ಎರಡನೆಯದು ಜಿ ಇಂದ, ಮೂರನೆಯದು ಇ, ನಾಲ್ಕನೆಯದು ಸಿ. ಐದನೇ ಬಾರ್‌ಗೆ ಮತ್ತೆ ಎ, ಅಂದರೆ ನಾಲ್ಕು ಬಾರ್‌ಗೆ ಒಂದು ಸುತ್ತು. ಮೋಡ್ ಇರುವುದು ಅಪ್, ಆದರೆ ಬಾರ್‌ಗಳ ಮೊದಲ ಸ್ವರ ಕೆಳಗಿಳಿಯುತ್ತಿದೆ! ಒಂದು ಸ್ಟೆಪ್ ತೆಗೆದದ್ದಕ್ಕೆ ಇಷ್ಟು ಸಿಕ್ಕಿತು. ರ‍್ಯಾಂಡಮ್ ಮೋಡ್ ಮೇಲೆ ನನಗೆ ಅವತ್ತಿನಿಂದ ಆಸೆಯೇ ಹೋಯಿತು.

ಆಮೇಲೆ 14 ಮತ್ತು 15ನ್ನು ಟೈ ಮಾಡಿ ಒಂದು ಉದ್ದ ಸ್ವರ ಮಾಡಿದೆ. ಕೂಡಲೇ ಸುತ್ತು ಎರಡೇ ಬಾರ್‌ಗೆ ಇಳಿಯಿತು. ಯಾಕೆ? ಹೊಡೆತ 10 ಆಯಿತಲ್ವಾ! 16ನೇ ಸ್ಟೆಪ್‌ನ ರೆಸ್ಟ್ ತೆಗೆದೆ, ಮತ್ತೆ 11.

ಗೇಟ್ (ಸ್ಟೆಪ್‌ನ ಎಷ್ಟು ಪಾಲು ಸ್ವರ ಹಿಡಿದಿರುತ್ತದೆ ಅನ್ನೋದು) ವಿಷಯದಲ್ಲೂ ಒಮ್ಮೆ ಎಡವಿದೆ. ಗೇಟ್ 40 ಪರ್ಸೆಂಟ್ ಇಟ್ಟಿದ್ದೆ, ಅಂದರೆ ಸ್ವರಕ್ಕೆ 50 ಮಿಲಿಸೆಕೆಂಡ್. ಸೌಂಡ್‌ನ ಅಟ್ಯಾಕ್, ಅಂದರೆ ಸ್ವರ ಪೂರ್ತಿ ಏಳಲು ಬೇಕಾದ ಸಮಯ, 80 ಮಿಲಿಸೆಕೆಂಡ್. ಸ್ವರ ಪೂರ್ತಿ ಏಳುವ ಮೊದಲೇ ಗೇಟ್ ಮುಚ್ಚುತ್ತಿತ್ತು. ನಾನೋ ವಾಲ್ಯೂಮ್ ಜಾಸ್ತಿ ಮಾಡುತ್ತಾ ಕೂತಿದ್ದೆ. ಅಟ್ಯಾಕ್ 5ಕ್ಕೆ ಇಳಿಸಿದ ಮೇಲೆ ಸರಿಯಾಯಿತು.

ವೆಲಾಸಿಟಿಯನ್ನು (ಸ್ವರ ಎಷ್ಟು ಜೋರಾಗಿ ಒತ್ತಿದಂತೆ ಅನ್ನೋ ಅಳತೆ) ವಾಲ್ಯೂಮ್‌ಗೆ ಕೊಡದೆ ದನಿಯ ಹೊಳಪು ಬದಲಿಸುವ ಫಿಲ್ಟರ್ ಕಟ್‌ಆಫ್‌ಗೆ ಕೊಟ್ಟೆ. 1, 7, 14 ಮಾತ್ರ ಗಟ್ಟಿ, ಉಳಿದವು ಮೆತ್ತಗೆ. ಗಟ್ಟಿ ಸ್ಟೆಪ್‌ಗಳಲ್ಲಿ ದನಿ ಹೊಳೆಯುತ್ತದೆ. ಸ್ವಿಂಗ್ (ಎರಡೆರಡು ಸ್ಟೆಪ್‌ಗಳಲ್ಲಿ ಎರಡನೆಯದನ್ನು ತುಸು ತಡಮಾಡುವುದು) 55, ಅದಕ್ಕಿಂತ ಮೇಲೆ ಹೋದರೆ ಈ ಪ್ಯಾಟರ್ನ್ ಕುಂಟುತ್ತದೆ.

ಮೊನ್ನೆ ಸಿ ಬಿಟ್ಟು ಮೂರೇ ಸ್ವರ ಹಿಡಿದು ನೋಡಿದೆ. ಸುತ್ತು ಮೂರು ಬಾರ್‌ಗೆ ಬಂತು. ಡ್ರಮ್ಸ್ ನಾಲ್ಕು ಬಾರ್‌ನದು. ಎರಡೂ ಮತ್ತೆ ಒಟ್ಟಿಗೆ ಶುರುವಾಗುವುದು 13ನೇ ಬಾರ್‌ನಲ್ಲಿ. ಕೋರಸನ್ನು ಅಲ್ಲೇ ಇಟ್ಟೆ.