ಮೃದಂಗ, ಕೀಬೋರ್ಡು ಮತ್ತು ಮೂರು ವರ್ಷದ ಕೈನೋವು

ಈ ಸಲ ರಾಮೋತ್ಸವದಲ್ಲಿ ಎರಡೂವರೆ ಗಂಟೆ ಕಛೇರಿಗೆ ನುಡಿಸಿದೆ. ತನಿಗೆ, ಅಂದರೆ ಲಯವಾದ್ಯದವರೇ ನುಡಿಸುವ ಭಾಗಕ್ಕೆ, ಹದಿನೈದು ನಿಮಿಷ ಸಿಕ್ಕಿತು. ಮರುದಿನ ಬೆಳಿಗ್ಗೆ ಶಿವಮೊಗ್ಗ ದುರ್ಗಿಗುಡಿಯ ನನ್ನ ಟೈಪಿಂಗ್ ಅಂಗಡಿ ಬಾಗಿಲು ತೆಗೆದು ಸಂಜೆಯೊಳಗೆ ನಲವತ್ತು ಪುಟ ಟೈಪ್ ಮಾಡಿದೆ. ಕೈಗೆ ಏನೂ ಆಗಲಿಲ್ಲ. ಎರಡು ವರ್ಷದ ಹಿಂದೆ ಇದೇ ಕೈಯಲ್ಲಿ ನೀರು ತುಂಬಿದ ಚೊಂಬು ಎತ್ತಲು ಆಗುತ್ತಿರಲಿಲ್ಲ. ಆ ಕೈನೋವು ಹೋಗಲು ನಾನು ಮಾಡಿದ್ದನ್ನು ಕೇಳಿ ಆಗ ನಕ್ಕವರು ಈಗ ಒಬ್ಬೊಬ್ಬರೇ ಬಂದು, "ಅದೇನೋ ಮಾಡಿದ್ಯಲ್ಲ ಮಾರಾಯ, ಸ್ವಲ್ಪ ಹೇಳು" ಅನ್ನುತ್ತಿದ್ದಾರೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಓದುವವರು ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪಿಂಗ್, ಪುಟವಿನ್ಯಾಸ) ಕೆಲಸದವರು, ಇಲ್ಲವೇ ಲಯವಾದ್ಯದವರು ಅಂದುಕೊಂಡಿದ್ದೇನೆ. ಕನ್ನಡ ಟೈಪಿಂಗಿನ ನುಡಿ ಕೀಲಿಮಣೆ, ಮೃದಂಗದ ಎಡಬದಿಯ ತೊಪ್ಪಿ, ಬಲಬದಿಯ ಕಪ್ಪು ಕರಣೆ ಎಲ್ಲ ನಿಮಗೆ ಗೊತ್ತಿರುವುದೇ; ಬೇರೆಯವರಿಗಾಗಿ ಅಲ್ಲಲ್ಲಿ ಒಂದು ಮಾತು ಸೇರಿಸಿದ್ದೇನೆ. ನೇರ ವಿಷಯಕ್ಕೆ ಬರುತ್ತೇನೆ.

ನೋವು ಜೋರಾಗಿದ್ದು 2022ರಲ್ಲಿ. ಎರಡು ವರ್ಷ ಮದುವೆ ಕಾರ್ಡೇ ಇಲ್ಲದೆ ಕೂತಿದ್ದೆವು. ಆ ವರ್ಷ ಒಮ್ಮೆಲೇ ಕೆಲಸ ಬಂತು. ಕಾರ್ಡು, ಪಾಂಪ್ಲೆಟ್ಟು, ಪಿಎಚ್‌ಡಿ ಪ್ರಬಂಧ, ಒಬ್ಬ ಪ್ರಕಾಶಕರ ಎರಡು ದಪ್ಪ ಪುಸ್ತಕ. ಮೊದಲು ಎಡಗೈ ಕಿರುಬೆರಳು ಹಿಡಿದುಕೊಂಡಿತು. ಕಾರಣ ಸುಲಭವಾಗಿ ಸಿಕ್ಕಿತು ಅಂದುಕೊಂಡೆ. ನುಡಿಯಲ್ಲಿ ದೀರ್ಘಕ್ಕೆ ಶಿಫ್ಟು, ಮಹಾಪ್ರಾಣಕ್ಕೆ ಶಿಫ್ಟು, ಣಕಾರ ಳಕಾರಕ್ಕೂ ಶಿಫ್ಟು. ನನಗೋ ಎಡಗಡೆಯ ಶಿಫ್ಟ್ ಒಂದನ್ನೇ ಒತ್ತುವ ಕೆಟ್ಟ ಚಟ. ಪುಟಕ್ಕೆ 25 ರೂಪಾಯಿ ಲೆಕ್ಕದಲ್ಲಿ ದಿನಕ್ಕೆ ಮೂವತ್ತು ನಲವತ್ತು ಪುಟ ಅಂದರೆ ಪಾಪ ಆ ಬೆರಳು ಎಷ್ಟು ಅಂತ ಒತ್ತೀತು!

ಅಲ್ಲಿಂದ ಮುಂಗೈಗೆ ಏರಿತು. ಆಮೇಲೆ ಬಲಗೈ ಮಣಿಕಟ್ಟಿಗೂ ಬಂತು. ಸಂಜೆ ಮೃದಂಗ ಎತ್ತಿಕೊಂಡರೆ ಫರನ್ (ವೇಗದ ಪೆಟ್ಟುಗಳ ಓಟ) ಶುರುವಾಗುವ ಹೊತ್ತಿಗೆ ಮೊಣಕೈ ತನಕ ಬೆಂಕಿ.

ಖರ್ಚಿನ ಕತೆ ಕೇಳಿ. ಎಕ್ಸ್‌ರೇ, ರಕ್ತಪರೀಕ್ಷೆ, ಥೈರಾಯ್ಡು, ಸಕ್ಕರೆ, ಬಿ12. ಕುತ್ತಿಗೆಗೆ ಎಂಆರ್‌ಐ, ಸುಮಾರು ಏಳು ಸಾವಿರ. ಕೈಗೆ ಕರೆಂಟು ಕೊಟ್ಟು ನರದ ವೇಗ ನೋಡುತ್ತಾರಲ್ಲ, ಅದಕ್ಕೆ ಎರಡು ಸಾವಿರದ ಚಿಲ್ಲರೆ. ಎಲ್ಲವೂ ನಾರ್ಮಲ್. ನಾರ್ಮಲ್ ಅಂತ ಓದಿದಾಗ ಖುಷಿಯಾಗಬೇಕಲ್ವಾ? ನನಗೆ ಅಳು ಬಂತು. ಫಿಸಿಯೋಥೆರಪಿಗೆ ಸಲಕ್ಕೆ ಮುನ್ನೂರರಂತೆ ಇಪ್ಪತ್ತೈದು ಸಲ ಹೋದೆ. ಮಹಾನಾರಾಯಣ ತೈಲ ಎಷ್ಟು ಬಾಟಲಿ ಖಾಲಿಯಾಯಿತೋ ಲೆಕ್ಕವಿಲ್ಲ, ಹಾಸಿಗೆ ದಿಂಬೆಲ್ಲ ಅದರದೇ ವಾಸನೆ. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಮೂರು ಥರದ್ದು ತಂದೆ. ಒಬ್ಬ ವೈದ್ಯರು ಆಪರೇಷನ್ ಮಾಡಿಬಿಡೋಣ, ಮೂವತ್ತೈದು ಸಾವಿರ ಆಗಬಹುದು ಅಂದರು. ವರದಿ ನಾರ್ಮಲ್ ಇದೆಯಲ್ಲ ಸಾರ್ ಅಂದೆ. "ವರದಿ ಬಿಡಿ" ಅಂದರು. ನಾನು ಅವರನ್ನೇ ಬಿಟ್ಟೆ. ಇನ್ನೊಬ್ಬರು ಆರು ತಿಂಗಳು ಮೃದಂಗ ಮುಟ್ಟಬೇಡ ಅಂದರು. ನಾಲ್ಕು ತಿಂಗಳು ಮುಟ್ಟಲಿಲ್ಲ. ನೋವು ಇದ್ದ ಹಾಗೇ ಇತ್ತು. ಕಛೇರಿ ಹೋಯಿತು, ಅದರಿಂದ ಬರುವ ಒಂದೂವರೆ ಎರಡು ಸಾವಿರ ಹೋಯಿತು, ಮನೆಯಲ್ಲಿ ಮಾತೂ ಕಡಿಮೆಯಾಯಿತು. ಒಟ್ಟು ಎಪ್ಪತ್ತು ಎಂಬತ್ತು ಸಾವಿರ ಕೈಬಿಟ್ಟಿದೆ.

ನಡುವೆ ನನ್ನದೇ ಪ್ರಯೋಗಗಳೂ ನಡೆದವು. ಮೃದಂಗದ ಮುಚ್ಚಿಗೆಗೆ (ಬಾಯಿಗೆ ಕಟ್ಟುವ ಚರ್ಮ) ಬಿಗಿ ಸಾಲದು ಅಂತ ಹೊಸದು ಹಾಕಿಸಿದೆ. ನಮ್ಮ ಮಳೆಗಾಲದ ಥಂಡಿಗೆ ಶ್ರುತಿ ಇಳಿಯುತ್ತದೆ, ನಾದ ಬರಲಿಲ್ಲ ಅಂತ ಮತ್ತೂ ಜೋರಾಗಿ ಹೊಡೆಯುತ್ತೇನೆ ಅನ್ನುವುದು ನನ್ನ ಸಿದ್ಧಾಂತ. ಹೊಸ ಮುಚ್ಚಿಗೆ ಚೆನ್ನಾಗಿ ಕೂಗಿತು, ಕೈಯೂ ಕೂಗಿತು.

ಇನ್ನೊಂದು, ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಕೀಲಿಮಣೆ ವಿನ್ಯಾಸ ಕಲಿತೆ. ಅದರಲ್ಲಿ ದೀರ್ಘದ ಕಾಗುಣಿತಕ್ಕೆ ಶಿಫ್ಟ್ ಬೇಡ, ಸ್ವರಚಿಹ್ನೆಗಳೆಲ್ಲ ಎಡಗೈ ಕೆಳಗೆ, ವ್ಯಂಜನ ಹೆಚ್ಚಾಗಿ ಬಲಗೈಗೆ. ಒಳ್ಳೆಯ ಏರ್ಪಾಟೇ. ಆದರೆ ಹದಿನೆಂಟು ವರ್ಷ ನುಡಿಗೆ ಪಳಗಿದ ಬೆರಳು ಕೇಳಬೇಕಲ್ಲ! ಮೂರು ವಾರ ಒದ್ದಾಡಿದೆ. ದಿನಕ್ಕೆ ಹನ್ನೆರಡು ಪುಟದ ಮೇಲೆ ಹೋಗಲಿಲ್ಲ. ಮಜಾ ಏನಂದರೆ ಕಿರುಬೆರಳಿನ ನೋವು ಹೋಗಿ ಬಲಗೈ ಹೆಬ್ಬೆರಳಿಗೆ ಬಂತು. ಆ ಹೆಬ್ಬೆರಳು ಸ್ಪೇಸ್ ಒತ್ತುವುದು ಬಿಟ್ಟರೆ ಬೇರೆ ಕೆಲಸ ಮಾಡುವುದೇ ಇಲ್ಲ! ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮೊಬೈಲಿಗೆ ಮಾತಾಡಿ ಟೈಪ್ ಮಾಡಿಸುವುದನ್ನೂ ನೋಡಿದೆ. ಸಾದಾ ವಾಕ್ಯ ಪರವಾಗಿಲ್ಲ. ಹಳೆಯ ದಾಖಲೆಗಳ ಪ್ರಬಂಧ ಓದಿದರೆ ಅದು ಬೇರೆಯೇ ಪ್ರಬಂಧ ಬರೆಯುತ್ತಿತ್ತು. ತಿದ್ದುವುದಕ್ಕೆ ಮತ್ತೆ ಕೀಬೋರ್ಡೇ ಬೇಕು.

ಸರಿ, ತಿರುವು ಸಿಕ್ಕಿದ್ದು ಅಡಿಕೆ ಸುಲಿತದಲ್ಲಿ.

2023ರ ನವೆಂಬರ್. ತೀರ್ಥಹಳ್ಳಿ ಕಡೆ ನಮ್ಮ ಮೂಲಮನೆ, ಅಣ್ಣ ತೋಟ ನೋಡಿಕೊಳ್ಳುತ್ತಾನೆ. ಅಡಿಕೆ ಗೊನೆ ಇಳಿಸಿ ಅಂಗಳದಲ್ಲಿ ರಾಶಿ ಬಿದ್ದಿದೆ, ಸುಲಿಯುವವರು ಬರಲಿಲ್ಲ. ಅಣ್ಣ ಫೋನ್ ಮಾಡಿದ. ಕೈ ಸರಿಯಿಲ್ಲ ಅಂದೆ. "ಹರಟೆ ಹೊಡೆಯಲಿಕ್ಕಾದ್ರೂ ಬಾ" ಅಂದ. ಹೋದೆ. ಎಲ್ಲರೂ ಸುಲಿಯುವಾಗ ಸುಮ್ನೆ ಕೂತಿರುವುದು ಹೇಗೆ? ಮೆಟ್ಟುಗತ್ತಿ ಎಳೆದುಕೊಂಡೆ. ಐದು ರಾತ್ರಿ, ಹನ್ನೊಂದು ಗಂಟೆವರೆಗೆ. ಮಣೆ ಮೇಲೆ ಕೂತು ಕಾಯಿಯನ್ನು ಕತ್ತಿಗೆ ಒತ್ತಿ ಸಿಪ್ಪೆ ಎಬ್ಬಿಸುವುದು ಗೊತ್ತಲ್ಲ, ಮಣಿಕಟ್ಟಿಗೆ ಅದಕ್ಕಿಂತ ಕಠಿಣ ಕೆಲಸ ಕಡಿಮೆ. ಬೆರಳೆಲ್ಲ ಕಪ್ಪಾದವು, ಬೆನ್ನು ಹಿಡಿಯಿತು. ಕೈನೋವು? ಇಲ್ಲ. ಅದು ಇಲ್ಲ ಅನ್ನುವುದು ನನ್ನ ಗಮನಕ್ಕೆ ಬಂದಿದ್ದೇ ಮೂರನೇ ರಾತ್ರಿ.

ಆರನೇ ದಿನ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಮಂಡಗದ್ದೆ ದಾಟುವಾಗ ಆ ಪ್ರಕಾಶಕರ ಫೋನು. "ಎರಡನೇ ಪ್ರೂಫ್ ನಾಳೆ ಬೇಕು." ಹಳೆಯ ಬಾಕಿ 38 ಸಾವಿರ ಅವರೇ ಕೊಡಬೇಕಿತ್ತು. ಆಯ್ತು ಸಾರ್ ಅಂದು ಫೋನ್ ಇಟ್ಟೆ. ಸಕ್ರೆಬೈಲು ಬರುವ ಹೊತ್ತಿಗೆ ಎಡಗೈ ಕಿರುಬೆರಳಿಂದ ಮೊಣಕೈ ತನಕ ನೋವು. ತೊಡೆ ಮೇಲೆ ಸುಮ್ನೆ ಬಿದ್ದುಕೊಂಡಿದ್ದ ಕೈ!

ಆಗ ಒಂದೊಂದಾಗಿ ನೆನಪಾಯಿತು. ಮೊದಲ ಸಲ ಬೆರಳು ಚುಳ್ ಅಂದಿದ್ದು 2022ರಲ್ಲಲ್ಲ, 2021ರ ಲಾಕ್‌ಡೌನ್‌ನಲ್ಲಿ. ಅಂಗಡಿ ಮುಚ್ಚಿತ್ತು, ಒಂದಕ್ಷರ ಟೈಪ್ ಮಾಡುತ್ತಿರಲಿಲ್ಲ. ಮುದ್ರಣ ಯಂತ್ರಕ್ಕೆ ಮಾಡಿದ ಎರಡೂ ಮುಕ್ಕಾಲು ಲಕ್ಷ ಸಾಲದ ಕಂತು ಮಾತ್ರ ನಿಂತಿರಲಿಲ್ಲ. ಮನೆಗೆ ಬಂದು ಇನ್ನೊಂದು ಪರೀಕ್ಷೆ ಮಾಡಿಕೊಂಡೆ. ಕೈ ಎರಡನ್ನೂ ದಿಂಬಿನ ಮೇಲಿಟ್ಟು ಬರೀ ಬಾಯಲ್ಲಿ ಸೊಲ್ಲು (ಮೃದಂಗದ ಪೆಟ್ಟುಗಳ ಅಕ್ಷರ) ಹೇಳಿದೆ. ಆದಿತಾಳಕ್ಕೆ ಒಂದು ಮುಕ್ತಾಯ. ಎರಡನೇ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ, ಹೋಗುವಷ್ಟರಲ್ಲಿ ಮುಂಗೈ ಸೆಟೆದು ನೋಯಲು ಶುರು. ಬೆರಳು ಅಲುಗಿರಲಿಲ್ಲ. ಸವೆತ, ಉಳುಕು ಅಂದರೆ ಬಾಯಿ ಸೊಲ್ಲಿಗೆ ನೋಯುತ್ತದಾ?

ನ್ಯೂಯಾರ್ಕಿನಲ್ಲಿ ಡಾ. ಜಾನ್ ಸಾರ್ನೊ ಅಂತ ಒಬ್ಬರಿದ್ದರು, 2017ರಲ್ಲಿ ತೀರಿಕೊಂಡರು. ಬೆನ್ನುನೋವು, ಕೈನೋವುಗಳ ಬಹುಪಾಲು ಒಳಗೆ ಅದುಮಿಟ್ಟ ಸಿಟ್ಟಿನಿಂದ ಬರುತ್ತವೆ ಅನ್ನುತ್ತಿದ್ದರು. ವೈದ್ಯರಲ್ಲಿ ಅದನ್ನು ಒಪ್ಪದವರೇ ಹೆಚ್ಚು. ಸಾರ್ನೊ ಹೇಳಿದ್ದೆಲ್ಲ ನನಗೂ ಒಪ್ಪಿಗೆಯಿಲ್ಲ. ಆದರೆ ಸಿಟ್ಟಿನ ವಿಷಯ ಮಾತ್ರ ನನ್ನ ಅಂಗಡಿಗೆ ಬಂದು ನೋಡಿ ಹೇಳಿದ ಹಾಗಿತ್ತು.

ಭಾವನಿಗೆ ಹೇಳಿದೆ. "ಹಾಗಾದ್ರೆ ಇಷ್ಟು ದಿನ ನೋವು ಅಂದಿದ್ದು ಸುಳ್ಳಾ?" ಅಂದರು. ಎಲ್ಲರೂ ಎಡವುವುದು ಇಲ್ಲೇ. ನಾಚಿಕೆಯಾದರೆ ಮುಖ ಕೆಂಪಾಗುತ್ತದೆ, ಆ ಕೆಂಪು ಸುಳ್ಳಾ? ಹೆದರಿದರೆ ಹೊಟ್ಟೆ ಕೆಡುತ್ತದೆ, ಪಾಯಿಖಾನೆಗೆ ಓಡುವುದು ನಾಟಕವಾ? ನೋವು ನಿಜವೇ, ಅದರ ಬೇರು ಮಾತ್ರ ಬೇರೆ ಕಡೆ. ಪಕ್ಕದ ಡಿಟಿಪಿಯವನು, "ಕೈಗೆ ನೋವಾದ್ರೆ ತಲೆಗೆ ಎಣ್ಣೆ ಹಚ್ತೀಯಾ?" ಅಂತ ಅಂಗಡಿಯಲ್ಲಿದ್ದವರೆದುರಿಗೇ ಕೇಳಿದ. ನಕ್ಕು ಸುಮ್ಮನಾದೆ. ಸಂಜೆ ನೋವು ಹತ್ತಕ್ಕೆ ಎಂಟು.

ಹತ್ತಕ್ಕೆ ಎಂಟು ಅಂದೆನಲ್ಲ, ಅದೇ ನನ್ನ ಮೊದಲ ಕೆಲಸ. ಲೆಕ್ಕದ ಪುಸ್ತಕ ಒಂದನ್ನು ತಂದೆ. ದಿನಾ ಐದು ಕಲಂ. ಎಷ್ಟು ಪುಟ, ಎಷ್ಟು ನಿಮಿಷ ಸಾಧಕ (ಮೃದಂಗದ ಅಭ್ಯಾಸ), ಯಾರ ಫೋನು, ಯಾವ ದುಡ್ಡಿನ ಮಾತು, ನೋವು ಹತ್ತಕ್ಕೆ ಎಷ್ಟು. ನಲವತ್ತು ದಿನ ಆದ ಮೇಲೆ ಕೂಡಿಸಿ ನೋಡಿದೆ. ಮೂವತ್ತು ಪುಟ ದಾಟಿದ ದಿನಗಳಲ್ಲಿ ನೋವು ಮೂರು ನಾಲ್ಕು. ಬಾಕಿದಾರರ ಜೊತೆ ನಯವಾಗಿ ಮಾತಾಡಿದ ದಿನಗಳಲ್ಲಿ, ಪುಟ ಐದೇ ಇದ್ದರೂ, ಏಳರ ಕೆಳಗೆ ಇಳಿದದ್ದಿಲ್ಲ. ಹೆಂಡತಿಗೆ ತೋರಿಸಿದೆ. "ನಂಗೆ ಮೊದ್ಲೇ ಗೊತ್ತಿತ್ತು" ಅಂದಳು. ಹೇಳಬಾರದಿತ್ತಾ?

ಆಮೇಲೆ ಪಟ್ಟಿಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಮನೆಯಲ್ಲಿ ಒಂದು ತಿಂಗಳು ಯಾರೂ "ಕೈ ಹೇಗಿದೆ?" ಅಂತ ಕೇಳಕೂಡದು ಅಂದೆ. ಸಣ್ಣ ವಿಷಯ ಅನ್ನಿಸಬಹುದು. ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ.

ಟೈಪಿಂಗನ್ನು ಐದು ನಿಮಿಷದಿಂದ ಶುರು ಮಾಡಿದೆ. ಗಿರಾಕಿಯ ಕೆಲಸ ಅಲ್ಲ, ಅಮ್ಮ ಹೇಳಿದ ತಂಬುಳಿಗಳ ಪಟ್ಟಿ. ಬ್ರಾಹ್ಮಿ, ದಾಳಿಂಬೆ ಸಿಪ್ಪೆ, ಸಾಂಬ್ರಾಣಿ ಸೊಪ್ಪು. ಯಾರಿಗೂ ಕೊಡಬೇಕಾಗಿಲ್ಲ, ತಾರೀಕಿಲ್ಲ. ಮೂರು ದಿನಕ್ಕೊಮ್ಮೆ ಐದು ನಿಮಿಷ ಹೆಚ್ಚಿಸಿದೆ. ನೋವು ಬಂದರೆ ತಕ್ಷಣ ಎದ್ದು ಓಡುವುದಿಲ್ಲ, ಹಲ್ಲು ಕಚ್ಚಿ ಹೊಡೆಯುವುದೂ ಇಲ್ಲ. ಭುಜ ಕೆಳಗೆ ಬಿಟ್ಟು, ಉಸಿರು ಉದ್ದಕ್ಕೆ ಬಿಟ್ಟು, ಇನ್ನೆರಡು ನಿಮಿಷ ಮೆಲ್ಲಗೆ ಟೈಪ್ ಮಾಡುತ್ತಾ "ಈಗ ಯಾರ ಮೇಲೆ ಸಿಟ್ಟು?" ಅಂತ ಕೇಳಿಕೊಳ್ಳುವುದು. ಉತ್ತರ ಬಂದರೆ ಚೀಟಿಯಲ್ಲಿ ಬರೆಯುವುದು. ಬೈಗುಳ ಸಮೇತ. ಸಂಜೆ ಬಚ್ಚಲೊಲೆಗೆ ಹಾಕುವುದು. ಬೆಂಕಿಗೆ ಹಾಕಿದ ಚೀಟಿಗಳನ್ನು ಯಾರಾದರೂ ಓದಿದ್ದರೆ ನನಗೆ ಶಿವಮೊಗ್ಗದಲ್ಲಿ ಗಿರಾಕಿಗಳೇ ಇರುತ್ತಿರಲಿಲ್ಲ.

ಮೃದಂಗಕ್ಕೆ ಬೇರೆ ದಾರಿ. ಮೊದಲ ಎರಡು ವಾರ ದಿಂಬಿನ ಮೇಲೆ ತ ಧಿ ತೊಂ ನಂ, ಮೊದಲ ಕಾಲ ಮಾತ್ರ, ಹತ್ತು ವರ್ಷದ ಹುಡುಗರ ಹಾಗೆ. ಆಮೇಲೆ ವಾದ್ಯದ ಮೇಲೆ ಬರೀ ಸರ್ವಲಘು, ಅಂದರೆ ತಾಳದ ಸಾದಾ ನಡೆ. ಫರನ್ ಮುಟ್ಟಿದ್ದು ಮೂರನೇ ತಿಂಗಳಲ್ಲಿ. ಕೂರುವ ಮೊದಲು ನನಗೆ ನಾನೇ ಒಂದು ಮಾತು ಹೇಳಿಕೊಳ್ಳುತ್ತೇನೆ. ಅದೇನು ಅಂತ ಹೇಳುವುದಿಲ್ಲ. ಶಿಫ್ಟ್ ಕೀಲಿಗೆ ಮಾಡಿರುವ ಒಂದು ಉಪಾಯವನ್ನೂ ಹೇಳುವುದಿಲ್ಲ, ಪಕ್ಕದ ಅಂಗಡಿಯವನೂ ಇದನ್ನು ಓದುತ್ತಾನೆ. ಬೇಕಿದ್ದರೆ ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಹಾಕಿಕೊಳ್ಳಿ, ಶಿಫ್ಟ್ ಹಿಡಿದುಕೊಂಡೇ ಇರಬೇಕಾಗಿಲ್ಲ. ಅದರ ಟೊಂಯ್ ಶಬ್ದಕ್ಕೆ ನನಗಂತೂ ತಲೆ ಕೆಡುತ್ತಿತ್ತು.

ಏಳನೇ ವಾರ ಕೆಟ್ಟೆ. ಗೆಳೆಯನ ಮಗನ ಉಪನಯನಕ್ಕೆ ಪೂರ್ತಿ ತನಿ ನುಡಿಸಲು ಹೋದೆ. ಮುಂದಿನ ಸಾಲಿನಲ್ಲಿ ಹಿರಿಯ ವಿದ್ವಾಂಸರೊಬ್ಬರು ಕೈಕಟ್ಟಿ ಕೂತಿದ್ದರು. ತನಿ ಮುಗಿಸುವ ಹಂತದ ಮೋರಾ ಎತ್ತುವಾಗಲೇ ಬಲಗೈ ಕಲ್ಲಾಯಿತು. ಹತ್ತು ದಿನ ಎಂಟರ ಮೇಲೆ ನೋವು. ಎಲ್ಲ ಸುಳ್ಳು, ಆಪರೇಷನ್ನೇ ಗತಿ ಅಂತ ಪಟ್ಟಿ ಹುಡುಕಲು ಅಟ್ಟ ಹತ್ತಿದೆ. ನಮ್ಮ ಮೇಷ್ಟ್ರಿಗೆ ಫೋನ್ ಮಾಡಿ ತೋಡಿಕೊಂಡೆ. "ಕೈ ಬಿಗಿ ಹಿಡೀಬೇಡ ಅಂತ ಇಪ್ಪತ್ತು ವರ್ಷದಿಂದ ಹೇಳ್ತಾ ಇದೀನಲ್ಲೋ. ಅವ್ರು ನಿನ್ನ ಕೇಳ್ಲಿಕ್ಕೆ ಬಂದಿರ್ಲಿಲ್ಲ, ಊಟಕ್ಕೆ ಬಂದಿದ್ರು" ಅಂದರು. ಮರುದಿನ ಮತ್ತೆ ದಿಂಬಿನಿಂದ ಶುರು.

ಇಷ್ಟೆಲ್ಲ ಮಾಡಿದರೂ ದುಡ್ಡಿನ ಗಂಟು ಬಿಚ್ಚದೆ ನೋವು ಎರಡು ಮೂರರ ಕೆಳಗೆ ಇಳಿಯಲಿಲ್ಲ. ಅರ್ಧ ಮುಂಗಡ ಕೊಡದೆ ಕೆಲಸ ಹಿಡಿಯುವುದಿಲ್ಲ ಅಂತ ಬೋರ್ಡು ಹಾಕಿದೆ. ಇಬ್ಬರು ಗಿರಾಕಿಗಳು ಹೋದರು, ಒಬ್ಬರು ವಾಪಸ್ ಬಂದರು. ಸಾಲದ ಕಂತು ಸಣ್ಣದು ಮಾಡಿಸಿಕೊಂಡೆ. 38 ಸಾವಿರದಲ್ಲಿ 22 ಬಂತು. ಉಳಿದ ಹದಿನಾರಕ್ಕೆ ಕೆಂಪು ಶಾಯಿಯಲ್ಲಿ ಗೀಟು ಎಳೆದು, ಆ ಪ್ರಕಾಶಕರ ನಂಬರ್ ತೆಗೆದುಹಾಕಿದೆ. ಅವತ್ತು ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದೆ. ಎಪ್ಪತ್ತು ಸಾವಿರದ ಔಷಧಿಗೆ ಬರದ ನಿದ್ದೆ.

ಒಂದು ಮಾತು ಮರೆತರೆ ಕಷ್ಟ. ನನ್ನ ಪರೀಕ್ಷೆಗಳೆಲ್ಲ ಮೊದಲೇ ಆಗಿದ್ದವು. ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರಿಗೆ ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು, ಕೈಯಿಂದ ಲೋಟ ಜಾರುತ್ತಿತ್ತು, ಹೆಬ್ಬೆರಳ ಬುಡದ ಮಾಂಸ ಕರಗಿತ್ತು. ಅದು ಮಣಿಕಟ್ಟಿನಲ್ಲಿ ನರ ಒತ್ತಿದ್ದು. ಆಪರೇಷನ್ ಆಯಿತು, ಈಗ ಚೆನ್ನಾಗಿದ್ದಾರೆ. ಅಂಥವರು ನನ್ನ ಲೆಕ್ಕದ ಪುಸ್ತಕ ಹಿಡಿದು ಕೂತರೆ ಕೈ ಹಾಳು.

ನನ್ನ ಪುಸ್ತಕದಲ್ಲಿ ಈಗ ಸೊನ್ನೆಗಳೇ ಜಾಸ್ತಿ. ಮೊನ್ನೆ ಶನಿವಾರ ಮಾತ್ರ ಕಿರುಬೆರಳು ಮತ್ತೆ ಚುಳ್ ಅಂತು. ಪುಟ ತೆಗೆದೆ. ಟೈಪ್ ಮಾಡಿದ್ದು ಆರೇ ಪುಟ, ಸಾಧಕ ಇಲ್ಲ. ಫೋನಿನ ಕಲಮಿನಲ್ಲಿ ಭಾವನ ಹೆಸರಿತ್ತು. ಇಪ್ಪತ್ತು ಸಾವಿರ ಕೈಸಾಲ ಕೇಳಿದ್ದರು, ನೋಡೋಣ ಭಾವ ಅಂದಿದ್ದೆ. ವಾಪಸ್ ಫೋನ್ ಮಾಡಿ ಆಗುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋವಾ?" ಅಂತ ಕೇಳಿದರು. ಹೌದು ಅಂದೆ. ಫೋನ್ ಇಟ್ಟು ಮೃದಂಗದ ತೊಪ್ಪಿಗೆ ಹಚ್ಚಲು ರವೆ ಕಲಸಿದೆ.