ಬಡಾವಣೆಯ ಮೈದಾನದಲ್ಲಿ ಎಳೆಯ ಫುಟ್‌ಬಾಲ್ ಆಟಗಾರರನ್ನು ಬೆಳೆಸುವ ಬಗೆ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಡಾವಣೆಗಳ ಮೈದಾನಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ದೃಶ್ಯವೊಂದಿದೆ. ಹದಿನಾರು ಮಕ್ಕಳು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಮುಂದಿರುವ ಮಗು ಕೋನ್‌ಗಳ ನಡುವೆ ಚೆಂಡನ್ನು ಒಯ್ದು, ಗೋಲಿನತ್ತ ಒದ್ದು, ಸಾಲಿನ ಕೊನೆಗೆ ಬಂದು ನಿಲ್ಲುತ್ತದೆ. ಒಂದು ಸರದಿಗೆ ಹತ್ತು ಸೆಕೆಂಡು ಹಿಡಿಯುತ್ತದೆ ಎಂದುಕೊಂಡರೂ ಮುಂದಿನ ಸರದಿಗಾಗಿ ಆ ಮಗು ಎರಡೂವರೆ ನಿಮಿಷ ಕಾಯಬೇಕು, ಇಪ್ಪತ್ತು ನಿಮಿಷದಲ್ಲಿ ಅದಕ್ಕೆ ಚೆಂಡು ಸಿಗುವುದು ಏಳೆಂಟು ಸಲ ಮಾತ್ರ. ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಫುಟ್‌ಬಾಲ್ ಕಲಿಸಲು ಹೊರಟವರು ಮೊದಲು ಕೈಬಿಡಬೇಕಾದದ್ದು ಈ ಸಾಲನ್ನೇ. ಚೆಂಡು ಕಾಲಿಗೆ ಎಷ್ಟು ಸಲ ತಗುಲುತ್ತದೆಯೋ ಅಷ್ಟು ಬೇಗ ಅದು ಮಗುವಿನ ಮಾತು ಕೇಳತೊಡಗುತ್ತದೆ.

ಆದ್ದರಿಂದ ಮಗುವಿಗೊಂದು ಚೆಂಡು ಇರಲಿ, ಅದು ವಯಸ್ಸಿಗೆ ತಕ್ಕ ಅಳತೆಯದಾಗಿರಲಿ. ಎಂಟು ವರ್ಷದವರೆಗೆ 3ನೇ ಅಳತೆಯ ಚೆಂಡು, ಹನ್ನೆರಡರವರೆಗೆ 4ನೇ ಅಳತೆಯದು, ಆಮೇಲೆ ದೊಡ್ಡವರು ಆಡುವ 5ನೇ ಅಳತೆಯದು ಸರಿಹೊಂದುತ್ತದೆ. ಸುತ್ತಳತೆಯಲ್ಲಿ 68ರಿಂದ 70 ಸೆಂಟಿಮೀಟರ್ ಇರುವ ದೊಡ್ಡ ಚೆಂಡನ್ನು ಏಳು ವರ್ಷದ ಮಗುವಿಗೆ ಕೊಟ್ಟರೆ ಅದು ಕಾಲ್ಬೆರಳಿನ ತುದಿಯಿಂದ ಒದೆಯುವುದನ್ನಷ್ಟೇ ರೂಢಿಸಿಕೊಳ್ಳುತ್ತದೆ, ಮುಂದೆ ಆ ಅಭ್ಯಾಸವನ್ನು ಬಿಡಿಸುವುದು ಬಹಳ ಕಷ್ಟ.

ಒಂದು ಗಂಟೆಯ ತರಬೇತಿಯಲ್ಲಿ ಮೊದಲ ಹದಿನೈದು ನಿಮಿಷ ಎಲ್ಲರೂ ಇಪ್ಪತ್ತು ಹೆಜ್ಜೆ ಅಗಲದ ಚೌಕದೊಳಗೆ ತಮ್ಮ ತಮ್ಮ ಚೆಂಡಿನೊಡನೆ ಓಡಾಡಲಿ. ಅಂಗಾಲಿನಿಂದ ಎಳೆದುಕೊಳ್ಳುವುದು, ಪಾದದ ಒಳಬದಿ ಮತ್ತು ಹೊರಬದಿಯಿಂದ ತಳ್ಳುವುದು, ಎಡಗಾಲಿನಿಂದಲೂ ತಿರುಗುವುದು, ಇವೆಲ್ಲವನ್ನೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಂತೆ ಮಾಡಬೇಕಾಗುವುದರಿಂದ ಮಕ್ಕಳು ತಾವಾಗಿಯೇ ತಲೆ ಎತ್ತಿ ನೋಡಲು ಕಲಿಯುತ್ತಾರೆ. ಆ ಬಳಿಕ ಹತ್ತು ಹದಿನೈದು ನಿಮಿಷ, ನಾಲ್ವರು ಸುತ್ತ ನಿಂತು ನಡುವಿನ ಒಬ್ಬನಿಗೆ ಸಿಗದಂತೆ ಪಾಸ್ ಮಾಡುವ ಆಟವಾಡಿಸಿ. ಉಳಿದ ಅರ್ಧ ಗಂಟೆ ಪೂರ್ತಿ ಪಂದ್ಯಕ್ಕೇ ಮೀಸಲಾಗಿರಲಿ. ಹದಿನಾರು ಮಕ್ಕಳಿದ್ದರೆ ಎಂಟೆಂಟು ಮಂದಿಯ ಒಂದು ಪಂದ್ಯದ ಬದಲು ನಾಲ್ಕು ನಾಲ್ಕು ಮಂದಿಯ ಎರಡು ಪಂದ್ಯಗಳನ್ನು ಅಕ್ಕಪಕ್ಕದಲ್ಲಿ ನಡೆಸಿ, ಒಂದೊಂದಕ್ಕೂ ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ ಸಾಕು. ಇಂಥ ಪಂದ್ಯದಲ್ಲಿ ಅಡಗಿ ನಿಲ್ಲಲು ಯಾರಿಗೂ ಜಾಗವಿರುವುದಿಲ್ಲ.

ಪಂದ್ಯ ನಡೆಯುವಾಗ ತರಬೇತುದಾರರು ಗೆರೆಯಾಚೆಯಿಂದ ‘ಪಾಸ್ ಮಾಡು, ಪಾಸ್ ಮಾಡು’ ಎಂದು ಕೂಗುತ್ತಿದ್ದರೆ ಮಗು ತಾನೇ ಯೋಚಿಸಿ ತೀರ್ಮಾನಿಸುವ ಅವಕಾಶ ಕೈತಪ್ಪುತ್ತದೆ. ನಮ್ಮ ಮೈದಾನಕ್ಕೆ ಬರುತ್ತಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಚೆಂಡನ್ನು ನಿಲ್ಲಿಸಿದ ಮೇಲೆಯೇ ತಲೆ ಎತ್ತುತ್ತಿದ್ದಳು, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಿದ್ದ. ಅವಳನ್ನು ತಿದ್ದುವ ಬದಲು ಆಟ ನಿಂತಾಗಲೆಲ್ಲ ‘ಚೆಂಡು ಬಂದಾಗ ನಿನ್ನ ಬೆನ್ನ ಹಿಂದೆ ಯಾರಿದ್ದರು?’ ಎಂದಷ್ಟೇ ಕೇಳುತ್ತಾ ಬಂದೆ. ಮೊದಮೊದಲು ಅವಳಲ್ಲಿ ಉತ್ತರವಿರುತ್ತಿರಲಿಲ್ಲ. ಕೆಲವು ವಾರಗಳಾದ ಮೇಲೆ ಒಂದು ದಿನ, ಚೆಂಡು ಇನ್ನೂ ಉರುಳಿಕೊಂಡು ಬರುತ್ತಿರುವಾಗಲೇ ಅವಳು ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿ, ಹಿಂದೆ ಯಾರೂ ಇಲ್ಲವೆಂದು ಕಂಡು, ಚೆಂಡನ್ನು ಮುಟ್ಟದೆ ಎರಡು ಕಾಲುಗಳ ನಡುವೆ ಹೋಗಲು ಬಿಟ್ಟು ತಿರುಗಿ ಓಡಿದಳು. ಈ ಬಗೆಯ ನೋಟವನ್ನು ಆಜ್ಞೆ ಕೊಟ್ಟು ಕಲಿಸಲು ಸಾಧ್ಯವಿಲ್ಲ.

ತಂಡದ ಆಯ್ಕೆಯಲ್ಲಿ ಆಗುವ ಅನ್ಯಾಯವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ವಯಸ್ಸಿನ ವಿಭಾಗಗಳನ್ನು ಜನವರಿ 1ರಿಂದ ಎಣಿಸುವುದರಿಂದ ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರಿನಲ್ಲಿ ಹುಟ್ಟಿದ ಮಗುವೂ ಒಂದೇ ವಿಭಾಗದಲ್ಲಿ ಆಡುತ್ತವೆ. ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಬದುಕಿದ ಆಯಸ್ಸಿನ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು. ಮೊದಲು ಹುಟ್ಟಿದವನು ಎತ್ತರವಾಗಿ, ಬಿರುಸಾಗಿ ಕಾಣುತ್ತಾನೆ, ಅದನ್ನೇ ಪ್ರತಿಭೆಯೆಂದು ಬಗೆದು ಅವನಿಗೆ ಹೆಚ್ಚು ಪಂದ್ಯಗಳನ್ನು ಕೊಡುತ್ತೇವೆ; ಆಡಿ ಆಡಿ ಅವನು ನಿಜಕ್ಕೂ ಮುಂದೆ ಹೋಗುತ್ತಾನೆ, ಬೆಂಚಿನಲ್ಲಿ ಕುಳಿತವನು ಆಟವನ್ನೇ ಬಿಡುತ್ತಾನೆ. ಇದನ್ನು ತಪ್ಪಿಸಲು ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಹುಟ್ಟಿದ ತಿಂಗಳನ್ನು ಬರೆದಿಡಿ, ಆರಿಸಿದ ಪಟ್ಟಿಯಲ್ಲಿ ವರ್ಷದ ಮೊದಲ ತಿಂಗಳುಗಳೇ ತುಂಬಿದ್ದರೆ ಅದನ್ನು ಇನ್ನೊಮ್ಮೆ ನೋಡಿ, ಹನ್ನೆರಡರವರೆಗೆ ಎಲ್ಲರಿಗೂ ಸಮಾನ ಹೊತ್ತು ಆಡಲು ಬಿಡಿ. ಗೋಲ್‌ಕೀಪರ್ ಜಾಗವೂ ಸರದಿಯ ಮೇಲೆ ಎಲ್ಲರಿಗೂ ಬರಬೇಕು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 2018ರಲ್ಲಿ ಆರಂಭಿಸಿದ ಗೋಲ್ಡನ್ ಬೇಬಿ ಲೀಗ್‌ಗಳಂಥ ಚಿಕ್ಕ ತಂಡಗಳ ಸ್ಪರ್ಧೆ ಹತ್ತಿರದಲ್ಲಿದ್ದರೆ ಮಕ್ಕಳನ್ನು ಅಲ್ಲಿಗೆ ಕಳುಹಿಸಿ.

ದೇಹದ ಬೆಳವಣಿಗೆಯ ಮೇಲೂ ಕಣ್ಣಿರಬೇಕು. ಹುಡುಗಿಯರು ಸುಮಾರು ಹನ್ನೆರಡರಲ್ಲಿ, ಹುಡುಗರು ಸುಮಾರು ಹದಿನಾಲ್ಕರಲ್ಲಿ ಬಲು ಬೇಗ ಎತ್ತರವಾಗುತ್ತಾರೆ. ಆ ದಿನಗಳಲ್ಲಿ ನಿನ್ನೆಯವರೆಗೆ ಸಲೀಸಾಗಿದ್ದ ಡ್ರಿಬಲ್ (ಚೆಂಡನ್ನು ಕಾಲಿನಲ್ಲೇ ಒಯ್ಯುವುದು) ಇದ್ದಕ್ಕಿದ್ದಂತೆ ತಪ್ಪಬಹುದು, ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳಬಹುದು. ಅದನ್ನು ಸೋಮಾರಿತನವೆಂದು ಗದರದೆ ಓಟವನ್ನು ಕಡಿಮೆ ಮಾಡಿ, ನೋವು ಉಳಿದರೆ ವೈದ್ಯರಿಗೆ ತೋರಿಸಲು ಹೇಳಿ. ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸ ಚಿಕ್ಕವರಿಗೆ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳಿಗೆ ಅದನ್ನು ನಿಷೇಧಿಸುವ ನಿರ್ಧಾರವನ್ನು 2015ರಲ್ಲೇ ಪ್ರಕಟಿಸಿತು.

ಅಡಿಯಲ್ಲಿ ಗುಬುಟುಗಳಿರುವ ದುಬಾರಿ ಸ್ಟಡ್ ಶೂ ಕೊಡಿಸಲಾಗದೆಂದು ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವ ತಂದೆತಾಯಿಯರಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುಪಾಲು ಆಟಗಾರರು ಬರಿಗಾಲಿನಲ್ಲೇ ಆಡಿದ್ದರು. ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಮತ್ತು ಚೆಂಡಿನ ಮೇಲಿನ ಹಿಡಿತಕ್ಕೆ ಹೆಸರಾಗಿದ್ದ ಅಹ್ಮದ್ ಖಾನ್ ಇಬ್ಬರೂ ಬೆಂಗಳೂರಿನವರು ಎಂಬುದನ್ನು ಅವರಿಗೆ ತಿಳಿಸಿ. ನಮ್ಮ ಗಟ್ಟಿ ಮಣ್ಣಿನ ಮೈದಾನಕ್ಕೆ ರಬ್ಬರ್ ಅಡಿಯ ಸಾಧಾರಣ ಶೂ ಸಾಕು, ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆಯನ್ನು ಕಾಯುವ ಶಿನ್ ಗಾರ್ಡ್ ಮಾತ್ರ ತಪ್ಪದೆ ಇರಬೇಕು.

ತಂದೆತಾಯಿಯರೊಡನೆ ಮೊದಲ ದಿನವೇ ಮಾತಾಡಿ ಮುಗಿಸಬೇಕಾದ ಇನ್ನೊಂದು ವಿಷಯ ವಯಸ್ಸಿನದು. ಜನನ ಪ್ರಮಾಣಪತ್ರದ ಪ್ರತಿಯನ್ನು ಆಗಲೇ ಪಡೆದಿಟ್ಟುಕೊಳ್ಳಿ. ವಯಸ್ಸು ಕಡಿಮೆ ತೋರಿಸಿದ ಮಗು ತನಗಿಂತ ಚಿಕ್ಕವರನ್ನು ಬಲದಿಂದ ಸೋಲಿಸುವುದನ್ನೇ ರೂಢಿಸಿಕೊಳ್ಳುತ್ತದೆ. ಮುಂದೆ ರಾಷ್ಟ್ರಮಟ್ಟದ ಕಿರಿಯರ ಆಯ್ಕೆಗೆ ಹೋದಾಗ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸನ್ನು ಪರೀಕ್ಷಿಸುತ್ತಾರೆ, ಅಲ್ಲಿಂದ ಹೊರಗೆ ಕಳುಹಿಸಿದರೆ ತಲೆ ತಗ್ಗಿಸಿ ಮನೆಗೆ ಬರಬೇಕಾದದ್ದು ಆ ಮಗುವೇ.