ಇಂಟರ್ವ್ಯೂ ಮುಗೀತು, ಫೋನ್ ಬರಲಿಲ್ಲ: ಈಗೇನು ಮಾಡೋದು?

ಬೆಂಗಳೂರಿಗೆ ಹೋಗಿ ಇಂಟರ್ವ್ಯೂ ಕೊಟ್ಟು ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೀರಿ. ‘ತಿಳಿಸ್ತೀವಿ’ ಅಂದವರು ವಾರ ಕಳೆದರೂ ಸುದ್ದಿಯಿಲ್ಲ. ಕಾಯುವುದಂತೂ ತಪ್ಪುವುದಿಲ್ಲ. ಆದರೆ ಎಷ್ಟು ದಿನ, ಹೇಗೆ ಕಾಯಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ.

1. ತಾರೀಖು ಕೇಳಿಕೊಂಡೇ ಎದ್ದು ಬನ್ನಿ. ‘ಯಾವಾಗ ತಿಳಿಸ್ತೀರಿ, ಯಾರಿಗೆ ಮೇಲ್ ಮಾಡಲಿ?’ ಇಷ್ಟು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮರುದಿನದೊಳಗೆ ಎರಡು ಸಾಲಿನ ಥ್ಯಾಂಕ್ಸ್ ಮೇಲ್ ಕಳಿಸಿ.

2. ಫೋನ್ ಮಾಡಿದರೆ ನೀವು ಸಿಗುವಂತಿದೆಯಾ ನೋಡಿಕೊಳ್ಳಿ. ಇದು ಮಲೆನಾಡಿನವರಿಗೇ ಹೇಳಬೇಕಾದ ಮಾತು. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ನೀವು ತೋಟದಲ್ಲಿರುತ್ತೀರಿ, ಅತ್ತ ಎಚ್‌ಆರ್ ಕಿವಿಗೆ ‘ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಬೀಳುತ್ತದೆ. ಅವರ ಪಟ್ಟಿಯಲ್ಲಿ ಮುಂದಿನ ಹೆಸರೂ ಇರುತ್ತದಲ್ವಾ? ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದು, ಕರೆಂಟ್ ಹೋದರೂ ಅದು ಇನ್ವರ್ಟರ್‌ನಲ್ಲಿ ನಡೆಯುವಂತಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕರೆ) ಆನ್ ಮಾಡಿ. ಪೇಟೆಯಲ್ಲಿರುವ ಅಣ್ಣನದೋ ಗೆಳತಿಯದೋ ನಂಬರನ್ನೂ ಮೇಲ್‌ನಲ್ಲಿ ಕೊಟ್ಟಿಡಿ. ಸ್ಪ್ಯಾಮ್ ಫೋಲ್ಡರ್ ದಿನಕ್ಕೊಮ್ಮೆ ನೋಡಿ.

3. ಉತ್ತರ ಬರದಿದ್ದರೆ ‘ಬೇಡ’ ಅಂತಲೇ ಅರ್ಥ ಮಾಡಿಕೊಳ್ಳಬೇಡಿ. ಕಂಪನಿಯ ಒಳಗೆ ಏನೇನೋ ನಡೆಯುತ್ತಿರುತ್ತದೆ. ಸಹಿ ಹಾಕಬೇಕಾದ ಮ್ಯಾನೇಜರ್ ರಜೆಯಲ್ಲಿರಬಹುದು, ಹುದ್ದೆಯ ಬಜೆಟ್‌ಗೆ ಒಪ್ಪಿಗೆ ಸಿಗದಿರಬಹುದು. ಮೊದಲು ಆಯ್ಕೆಯಾದವರ ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಹಳೆ ಕಂಪನಿಯಲ್ಲಿ ಇರಬೇಕಾದ ಅವಧಿ) 60 ಅಥವಾ 90 ದಿನ ಇದ್ದು, ಕೊನೆಗೆ ಅವರು ಬೇರೆ ಕಡೆ ಸೇರಿಬಿಡುವುದೂ ಉಂಟು. ಅಲ್ಲಿಯವರೆಗೆ ಎರಡನೆಯವರಿಗೆ ‘ಇಲ್ಲ’ ಅನ್ನಲು ಯಾವ ಎಚ್‌ಆರ್‌ಗೂ ಮನಸ್ಸಿರುವುದಿಲ್ಲ. ಅಭ್ಯರ್ಥಿಗೆ ಇದು ಅನ್ಯಾಯವೇ. ಆದರೆ ನಡೆಯುವುದು ಹೀಗೆ.

4. ಹೇಳಿದ ತಾರೀಖು ದಾಟಿ ಎರಡು ಕೆಲಸದ ದಿನ ಬಿಟ್ಟು ಒಂದು ಮೇಲ್ ಹಾಕಿ. ಹುದ್ದೆಯ ಹೆಸರು, ಇಂಟರ್ವ್ಯೂ ದಿನ, ‘ಯಾವ ಹಂತದಲ್ಲಿದೆ?’ ಅನ್ನುವ ಪ್ರಶ್ನೆ, ಅಷ್ಟೇ. ಒಂದು ವಾರ ಬಿಟ್ಟು ಇನ್ನೊಂದು. ಅದಕ್ಕೂ ಉತ್ತರವಿಲ್ಲದಿದ್ದರೆ ಆ ಕೆಲಸವನ್ನು ಪಟ್ಟಿಯಿಂದ ಹೊಡೆದುಹಾಕಿ. ಆಮೇಲೆ ಕರೆದರೆ ಲಾಭ. ಇಷ್ಟರ ಮಧ್ಯೆ ಬೇರೆ ಕಡೆ ಅರ್ಜಿ ಹಾಕುವುದನ್ನು ಮಾತ್ರ ಒಂದು ದಿನವೂ ನಿಲ್ಲಿಸಬೇಡಿ.

5. ಮೇಲ್ ನೋಡಲು ಹೊತ್ತು ಗೊತ್ತು ಮಾಡಿ: ಬೆಳಿಗ್ಗೆ ಹನ್ನೊಂದು, ಸಂಜೆ ಐದು. ಇನ್ನು ಮದುವೆಮನೆಯ ‘ಏನಾಯ್ತು ಮಾರಾಯ, ಕೆಲ್ಸ ಆಯ್ತಾ?’ ಪ್ರಶ್ನೆ. ‘ಹದಿನೈದನೇ ತಾರೀಖಿಗೆ ಗೊತ್ತಾಗುತ್ತೆ ಚಿಕ್ಕಪ್ಪ’ ಅಂತ ದಿನ ಹೇಳಿಬಿಡಿ. ಅಲ್ಲಿಯವರೆಗೆ ಮತ್ತೆ ಕೇಳುವುದು ಕಡಿಮೆ.

6. ಕೈಖರ್ಚಿನ ದಾರಿ ನೋಡಿಕೊಳ್ಳಿ. ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಭತ್ಯೆ ಕೊಡುವ ಯುವನಿಧಿಗೆ 2024ರ ಜನವರಿ 12ರಂದು ಚಾಲನೆ ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲೇ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ನಿಮ್ಮ ಬ್ಯಾಚ್‌ಗೆ ಸಿಗುತ್ತದೆಯೇ ಎಂದು ಸೇವಾ ಸಿಂಧು ಪೋರ್ಟಲ್‌ನಲ್ಲಿ ನೋಡಿ.

‘ಡೆಪಾಸಿಟ್ ಕಟ್ಟಿ, ಆಫರ್ ಲೆಟರ್ ಕಳಿಸ್ತೀವಿ’ ಅಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ನಿದ್ದೆ, ಊಟ ಸೇರದಷ್ಟು ತಲೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.